ನನ್ನ ಫೋನಿಗೆ ಬಂದ ಸಂದೇಶ

ದೂರಶಿಕ್ಷಣ ವಿಶ್ವವಿದ್ಯಾಲಯವೊಂದರ ರಾಬರ್ಟ್‌ಸನ್‌ಪೇಟೆ ಕೇಂದ್ರದಲ್ಲಿ ನಾನು ಗುಮಾಸ್ತೆಯಾಗಿದ್ದೆ. ಅರ್ಜಿ, ಶುಲ್ಕ, ಪ್ರವೇಶಪತ್ರ ಎಲ್ಲವೂ ಆನ್‌ಲೈನ್ ಆದ ವರ್ಷ ನಮ್ಮ ಕೌಂಟರಿನ ಮುಂದಿನ ಸಾಲು ಕರಗಿತು. ನನಗೆ ಖುಷಿಯೇ ಆಗಿತ್ತು.

ಆಗಲೂ ಖುದ್ದಾಗಿ ಬರುತ್ತಿದ್ದವರಲ್ಲಿ ಬೇತಮಂಗಲದ ಕಡೆಯ ಹೆಂಗಸೊಬ್ಬರಿದ್ದರು. ನಲವತ್ತು ದಾಟಿದವರು, ಬಿ.ಎ. ಕೊನೆಯ ವರ್ಷ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಸ್ಸು ಹಿಡಿಯುತ್ತಿದ್ದರು. ಅವರ ಅರ್ಜಿಯನ್ನು ನಾನೇ ಕಂಪ್ಯೂಟರಿನಲ್ಲಿ ತುಂಬುತ್ತಾ ಮೊಬೈಲ್ ನಂಬರು ಕೇಳಿದೆ.

"ಫೋನು ನಮ್ಮ ಯಜಮಾನ್ರತ್ರ ಐತೆ ಮೇಡಂ. ಕೆಲ್ಸದಾಗೆ ಎತ್ತಲ್ಲ ಅವ್ರು."

ಒಟಿಪಿ ಇಲ್ಲದೆ ಪುಟ ಮುಂದಕ್ಕೆ ಹೋಗುತ್ತಿರಲಿಲ್ಲ. ನನ್ನ ನಂಬರನ್ನೇ ಹಾಕಿ, ಯಜಮಾನರದ್ದನ್ನು ಚೀಟಿಯಲ್ಲಿ ಬರೆದುಕೊಂಡೆ.

"ಏನಾದ್ರೂ ಮೆಸೇಜ್ ಬಂದ್ರೆ ನಾನೇ ತಿಳಿಸ್ತೀನಿ," ಎಂದೆ.

ಇನ್ನೂ ಕೆಲವರಿಗೆ ಹೀಗೆಯೇ ಮಾಡಿದ್ದೆ. ಫೋನು ದಿನವಿಡೀ ಸದ್ದು ಮಾಡತೊಡಗಿತು. ಸದ್ದು ನಿಲ್ಲಿಸಿದೆ, ಆಮೇಲೆ ಸಂದೇಶ ಓದುವುದನ್ನೂ ಬಿಟ್ಟೆ.

ಪರೀಕ್ಷೆಯ ಮೊದಲ ದಿನ ಅವರು ಏದುಸಿರು ಬಿಡುತ್ತಾ ಬಂದರು. ಪ್ರವೇಶಪತ್ರದಲ್ಲಿದ್ದ ಕಾಲೇಜಿನ ಗೇಟಿಗೆ ಬೀಗ ಬಿದ್ದಿತ್ತು. ಫೋನು ತೆಗೆದು ನೋಡಿದೆ. ಪರೀಕ್ಷೆ ಬಂಗಾರಪೇಟೆಯಲ್ಲಿ ಎಂಬ ಸಂದೇಶ ಬಂದು ನಾಲ್ಕು ದಿನವಾಗಿತ್ತು. ಆಟೊ ಹತ್ತಿಸಿ ಕಳುಹಿಸಿದೆ. ತಡವಾಯಿತೆಂದು ಅಲ್ಲಿ ಒಳಗೆ ಬಿಡಲಿಲ್ಲ.

ಮಧ್ಯಾಹ್ನ ವಾಪಸು ಬಂದು ಕೇಳಿದರು: "ನಂಗ್ಯಾಕೆ ಗೊತ್ತಾಗ್ಲಿಲ್ಲ ಮೇಡಂ?"

"ಸರ್ವರ್ ಪ್ರಾಬ್ಲಂ. ಮೆಸೇಜ್ ಇವತ್ತೇ ಬಂದಿದ್ದು."

ಅವರು ನಂಬಿದರು. ಉಳಿದ ಪೇಪರುಗಳನ್ನು ಬರೆದು ಪಾಸಾದರು. ಆ ಒಂದನ್ನು ಮುಂದಿನ ವರ್ಷ ಕಟ್ಟಬೇಕಿತ್ತು. ನೋಂದಣಿ ಶುರುವಾದಾಗ ದಿನವೂ ಬಾಗಿಲ ಕಡೆ ನೋಡಿದೆ. ಬರಲಿಲ್ಲ. ಚೀಟಿಯಲ್ಲಿದ್ದ ನಂಬರಿಗೆ ಫೋನು ಮಾಡಲು ಧೈರ್ಯ ಸಾಲಲಿಲ್ಲ.

ಕೊನೆಗೆ ಒಂದು ಭಾನುವಾರ ಅವರ ಊರಿಗೇ ಹೋದೆ. ಕೊಟ್ಟಿಗೆಯಲ್ಲಿದ್ದ ಅವರು ಕೈತೊಳೆದು ಮಜ್ಜಿಗೆ ತಂದುಕೊಟ್ಟರು. ಪರೀಕ್ಷೆ ಯಾಕೆ ಕಟ್ಟಲಿಲ್ಲವೆಂದು ಕೇಳಿದೆ.

"ಆ ಕಂಪ್ಯೂಟ್ರು ನಂಬ್ಕೊಂಡು ಇನ್ನೊಂದ್ಸಲ ಎಂಗೆ ಬರಾದು ಮೇಡಂ? ಅದು ಏಳ್ದೇ ಇದ್ರೆ ನಾನು ಯಾರ್ನ ಕೇಳ್ಲಿ?"

ಆಗ ಹೇಳಿದೆ. ಸಂದೇಶ ನಾಲ್ಕು ದಿನ ಮೊದಲೇ ಬಂದಿತ್ತು, ನಾನು ನೋಡಿರಲಿಲ್ಲ, ಸುಳ್ಳು ಹೇಳಿದೆ ಎಂದೆ. ಅವರು ಹಸುವಿನ ಬೆನ್ನು ಸವರಿದರು.

"ಮರ್ತೋಗಾದು ಯಾರ್ಗಾದ್ರೂ ಆಯ್ತದೆ. ಅವತ್ತೇ ಏಳಿದ್ರೆ ಈ ಸಲ ಕಟ್ತಿದ್ದೆ," ಎಂದರು. "ಈಗ ಕಟ್ಟಾಕೆ ಆಯ್ತದಾ?"

ಶುಕ್ರವಾರವೇ ಪೋರ್ಟಲ್ ಮುಚ್ಚಿತ್ತು. ಅದನ್ನೂ ನಾನೇ ಹೇಳಬೇಕಾಯಿತು.

ಬಸ್ಸಿನವರೆಗೂ ಜೊತೆಗೆ ಬಂದರು. ಮುಂದಿನ ವರ್ಷ ಖಂಡಿತ ಬನ್ನಿ ಎಂದೆ. ಅವರು ಬಸ್ಸು ಬರುವ ದಾರಿಯನ್ನು ನೋಡುತ್ತಿದ್ದರು.