ಉಲ್ಟಪ್ಪನ ನೆರಳಿನ ಮುಖ

ಕೊಪ್ಪದ ನಮ್ಮ ಮನೆಯ ಹಿತ್ತಿಲಲ್ಲಿ, ನನಗೂ ತಂಗಿಗೂ ಮಾತ್ರ ಸೇರಿದ ಒಬ್ಬ ದೇವರಿದ್ದ. ನೋಡುವವರಿಗೆ ಅದು ಒಡೆದ ರುಬ್ಬುಗುಂಡು. ತಂಗಿ ಊಟಕ್ಕೆ ಹಟ ಮಾಡುತ್ತಿದ್ದ ಕಾಲದಲ್ಲಿ ನಾನೇ ಅವನನ್ನು ಹುಟ್ಟಿಸಿ ಉಲ್ಟಪ್ಪ ಎಂದು ಕರೆದಿದ್ದೆ. ಬಿಸಿಲು ಬಿದ್ದ ಮುಖಕ್ಕೆ ಬೇಡಿದರೆ ಬೇಡಿದ್ದನ್ನೇ ಕೊಡುತ್ತಾನೆ. ನೆರಳಿನ ಮುಖಕ್ಕೆ ಬೇಡಿದರೆ ಅದಕ್ಕೆ ತದ್ವಿರುದ್ಧ. ಬೆಲ್ಲ ಮಾತ್ರ ಎರಡೂ ಕಡೆ ಇಡಬೇಕು, ಇಲ್ಲದಿದ್ದರೆ ಒಂದು ಮುಖ ಇನ್ನೊಂದಕ್ಕೆ ಚಾಡಿ ಹೇಳುತ್ತದೆ.

ನನ್ನ ಎಂ.ಎಸ್ಸಿ. ಸೀಟಿನ ಪಟ್ಟಿ ಹಾಕುವ ದಿನ. ವಿಶ್ವವಿದ್ಯಾಲಯದಲ್ಲಿದ್ದ ಗೆಳತಿ ನೋಟೀಸ್ ಬೋರ್ಡ್ ನೋಡಿ ಫೋನ್ ಮಾಡುತ್ತೇನೆ ಅಂದಿದ್ದಳು. ಬೆಳಿಗ್ಗೆಯಿಂದ ನಾನು ಕೂತಲ್ಲಿ ಕೂರಲಿಲ್ಲ. ಫೋನ್ ಸತ್ತಿದೆಯೋ ಎಂದು ರಿಸೀವರ್ ಎತ್ತುತ್ತಿದ್ದೆ, ಈಗಲೇ ಕರೆ ಬಂದುಬಿಟ್ಟರೆ ಎಂದು ತಟ್ಟನೆ ಇಡುತ್ತಿದ್ದೆ.

ಹಿತ್ತಿಲಿನಿಂದ ತಂಗಿಯ ದನಿ ಕೇಳಿಸಿತು. "ಉಲ್ಟಪ್ಪಾ, ಅಕ್ಕಂಗೆ ಸೀಟು ಸಿಗ್ಲಿ."

"ನೋಡು, ಕೂಸಿಗೆ ನಿನ್ ಮೇಲೆ ಎಷ್ಟು ಪ್ರೀತಿ," ಅಂದಳು ಅಮ್ಮ.

ಕಿಟಕಿಯಿಂದ ನೋಡಿದೆ. ತಂಗಿ ಕೂತಿದ್ದದ್ದು ನೆರಳಿನ ಕಡೆ. ನಾನು ಓದಲು ಊರು ಬಿಟ್ಟು ಹೋದರೆ ಅವಳು ಒಬ್ಬಳೇ ಮಲಗಬೇಕು. ಕತ್ತಲೆಂದರೆ ಅವಳಿಗೆ ಭಯ.

ಊಟವಾದ ಮೇಲೆ ಅವಳು ಬಂದು ನನ್ನ ಪಕ್ಕ ನಿಂತಳು.

"ಅಕ್ಕ, ಬೇಡ್ಕೊಂಡ ಹೊತ್ತಿನ ಮುಖ ಲೆಕ್ಕವಾ, ಕೊಡೋ ಹೊತ್ತಿನದ್ದಾ?"

"ಯಾಕೆ?"

"ಎಂತ ಇಲ್ಲ. ಸುಮ್ನೆ."

ಬಿಸಿಲು ತಿರುಗಿತ್ತು. ಅವಳು ಬೇಡಿಕೊಂಡಿದ್ದ ಮುಖ ಈಗ ಬೆಳಗುತ್ತಿತ್ತು. ನಿಯಮ ಮಾಡುವಾಗ ನಾನು ಸೂರ್ಯನ ವಿಷಯ ಯೋಚಿಸಿರಲಿಲ್ಲ.

"ನಂಗೊತ್ತಿಲ್ಲ. ಮಹಾ ಮೋಸಗಾರ ಅಂವ," ಅಂದೆ.

ಅವಳು ಓಡಿಹೋಗಿ, ಸೂರ್ಯನಿಗೆ ಬೆನ್ನು ಮಾಡಿ, ತನ್ನ ನೆರಳು ಕಲ್ಲಿನ ಮೇಲೆ ಬೀಳುವಂತೆ ನಿಂತಳು.

"ತಲೆ ಸುಟ್ಟೋಗ್ತದೆ, ಒಳಗೆ ಬಾರೇ!" ಅಮ್ಮ ಕೂಗಿದಳು. ಅವಳು ಅಲುಗಲಿಲ್ಲ. ಬಿಸಿಲು ಸರಿದಂತೆ ತಾನೂ ಒಂದಿಷ್ಟು ಸರಿಯುತ್ತಿದ್ದಳು. ನಾನು ಫೋನಿನಿಂದ ಕಿಟಕಿಗೆ, ಕಿಟಕಿಯಿಂದ ಫೋನಿಗೆ ಓಡಾಡುತ್ತಿದ್ದೆ. ಯಾವುದು ಆಗಲಿ ಅಂತ ಬಯಸುತ್ತಿದ್ದೇನೆ ಎಂಬುದೇ ಒಂದು ಹಂತದಲ್ಲಿ ಗೊಂದಲವಾಯಿತು.

ಫೋನ್ ಬಂತು. ಮಾತು ಮುಗಿಸಿ ಹಿತ್ತಿಲಿಗೆ ಹೋದೆ.

"ಸಿಕ್ತಾ?" ತಿರುಗದೆಯೇ ಕೇಳಿದಳು.

"ಸಿಕ್ತು."

"ಕಳ್ಳ!" ಎಂದು ಕಲ್ಲಿಗೆ ಬೈದಳು. ಬೆವೆತ ಮುಷ್ಟಿಯಲ್ಲಿ ಅಂಟಿಕೊಂಡಿದ್ದ ಬೆಲ್ಲವನ್ನು ಎರಡು ತುಂಡು ಮಾಡಿದಳು. ಆಮೇಲೆ ಪಕ್ಕಕ್ಕೆ ಸರಿದು, ಎರಡನ್ನೂ ಬಿಸಿಲಿನ ಮುಖಕ್ಕೇ ಇಟ್ಟು, ನನಗೆ ಕೇಳಿಸದ ಹಾಗೆ ಏನನ್ನೋ ಬೇಡಿಕೊಂಡಳು.