ನಾತೂರರು ಗಾಳ ಹಿಡಿದ ಭಾನುವಾರ

ಅಬುಧಾಬಿಯಲ್ಲಿ ಹೊಳೆ ಇಲ್ಲ. ಆದರೆ ಊರಿನ ಅಂಚಿನಲ್ಲಿ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ, ಸಮುದ್ರದ ನೀರು ಭರತಕ್ಕೆ ಒಳಗೆ ನುಗ್ಗಿ ಇಳಿತಕ್ಕೆ ಮತ್ತೆ ಹೊರಗೆ ಹರಿಯುವ ಒಂದು ಕಾಲುವೆಯಿದೆ. ಕರಾವಳಿಯ ನಮ್ಮವರು ಅದನ್ನು ಹೊಳೆ ಎಂದೇ ಕರೆಯುತ್ತಾರೆ. ನಾನು ತುಮಕೂರಿನ ಕಡೆಯ ಬಯಲುಸೀಮೆಯವನು. ದಿನಕ್ಕೆರಡು ಸಲ ದಿಕ್ಕು ಬದಲಿಸುವ ನೀರು ಹೊಳೆ ಹೇಗಾಗುತ್ತದೆ ಎಂದು ಕೇಳಿ ಮೂರು ನಾಲ್ಕು ಜನರ ತಲೆ ತಿಂದಿದ್ದೇನೆ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನನ್ನ ಹೆಂಡತಿ ಹೇಳುವುದು ನನ್ನ ಈ ಪ್ರಶ್ನೆಗಳ ಬಗ್ಗೆಯೇ.

ಕಳೆದ ಚಳಿಗಾಲದಲ್ಲಿ ಅಲ್ಲೊಂದು ಗಾಳದ ಸ್ಪರ್ಧೆ ನಡೆಯಿತು. ಮೂರು ಜನರ ತಂಡ, ಆರು ಗಂಟೆ ಹೊತ್ತು, ಮೂವರ ಮೀನನ್ನೂ ಸೇರಿಸಿ ತೂಕ. ನಮ್ಮ ಕಟ್ಟಡದ ಕೆಳಗೆ ಬಟ್ಟೆ ಅಂಗಡಿ ಇಟ್ಟಿರುವ ಭಟ್ಕಳದ ಸಾಹೇಬರು ತಂಡ ಕಟ್ಟಿದ್ದರು. ಅವರ ತಮ್ಮನಿಗೆ ದುಬೈಯಲ್ಲಿ ಕೆಲಸ ಬಿದ್ದದ್ದರಿಂದ ಮೂರನೆಯವನಾಗಿ ನಾನು ಸಿಕ್ಕಿಬಿದ್ದೆ. ತಂಡದ ನಿಜವಾದ ಗಾಳಗಾರ ಮಾತ್ರ ನಮ್ಮ ಕಟ್ಟಡದ ನಾತೂರ್. ಇಲ್ಲಿ ನಾತೂರ್ ಎಂದರೆ ಕಾವಲುಗಾರ. ಬೀಗದ ಕೈ, ನೀರಿನ ಕ್ಯಾನು, ಸೋರುವ ನಲ್ಲಿ ಎಲ್ಲವೂ ಅವರದೇ. ಉಡುಪಿ ಕಡೆಯ ಮೀನುಗಾರರ ಮನೆಯಲ್ಲಿ ಹುಟ್ಟಿದ ಅವರು ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು.

"ನೀವು ಸುಮ್ಮನೆ ನಿಂತ್ರೂ ಸಾಕು ಸರ್," ಎಂದು ನನ್ನನ್ನು ಒಪ್ಪಿಸಲು ಬಂದಾಗ ಅವರು ಹೇಳಿದರು. ಆಮೇಲೆ ಸ್ವರ ತಗ್ಗಿಸಿ, "ಹೆಂಡತಿ ವಿಸಿಟ್ ವೀಸಾದಲ್ಲಿ ಬಂದಿದ್ದಾಳಲ್ಲ. ಹನ್ನೊಂದು ದಿವಸ ಆಯ್ತು. ನಾನು ಕ್ಯಾನು ಹೊರುವುದು, ಕಸ ತೆಗೆಯುವುದು ಮಾತ್ರ ಅವಳು ಕಂಡದ್ದು. ಒಂದು ಸಲ ಗೆದ್ದದ್ದೂ ಕಾಣ್ಲಿ ಅಂತ ಆಸೆ ಮಾರ್ರೆ," ಎಂದರು.

ಆ ಹೆಂಗಸನ್ನು ನಾನು ದಿನವೂ ನೋಡುತ್ತಿದ್ದೆ. ನಾತೂರರ ಕೋಣೆಯಲ್ಲಿ ಇಬ್ಬರಿಗೆ ಜಾಗವಿಲ್ಲ. ರಾತ್ರಿ ಪಕ್ಕದ ಬೀದಿಯ ನೆಂಟರ ಮನೆ, ಹಗಲು ನಮ್ಮ ಲಾಬಿಯ ಪ್ಲಾಸ್ಟಿಕ್ ಕುರ್ಚಿ. ಊರಿನಲ್ಲಿ ಅವರು ಮೀನು ಮಾರುತ್ತಾರಂತೆ. ಲಿಫ್ಟಿನಿಂದ ಇಳಿದವರೆಲ್ಲ ಗಂಡನನ್ನು ಕರೆದು ಏನಾದರೊಂದು ಹೇಳುವುದನ್ನು ಮಡಿಲಲ್ಲಿ ಕೈ ಇಟ್ಟುಕೊಂಡು ನೋಡುತ್ತಿದ್ದರು. ಅದನ್ನು ನೆನೆದು ನಾನು ಒಪ್ಪಿಕೊಂಡೆ.

ಭಾನುವಾರ ಬೆಳಿಗ್ಗೆ ಆರಕ್ಕೆ ನನ್ನ ಕಾರಿನಲ್ಲೇ, ನಾತೂರರ ಹೆಂಡತಿಯೂ ಸೇರಿ, ಎಲ್ಲರೂ ಹೋದೆವು. ದಂಡೆಯುದ್ದಕ್ಕೂ ನಂಬರಿನ ಬಾವುಟ ನೆಟ್ಟಿದ್ದರು. ಚೀಟಿ ಎತ್ತಿದಾಗ ನಾತೂರರ ಬಾವುಟ ನನ್ನದಕ್ಕಿಂತ ಐವತ್ತು ಹೆಜ್ಜೆ ಆಚೆ ಬಂತು. ಸಾಹೇಬರದು ತಿರುವಿನ ಆಚೆ, ಕಾಣದ ಕಡೆ. ಮೈಕಿನಲ್ಲಿ ನಿಯಮ ಹೇಳಿದರು. ಗೇಣಿಗಿಂತ ಚಿಕ್ಕ ಮೀನನ್ನು ನೀರಿಗೇ ಬಿಡಬೇಕು. ಒಬ್ಬರ ಮೀನನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಮೂವರೂ ತಲಾ ಒಂದನ್ನಾದರೂ ಹಿಡಿಯಲೇಬೇಕು, ಇಲ್ಲದಿದ್ದರೆ ಆ ತಂಡದ ತೂಕ ಲೆಕ್ಕಕ್ಕಿಲ್ಲ. ನನಗೆ ಕೂಡಲೇ ಹತ್ತು ಪ್ರಶ್ನೆ ಹುಟ್ಟಿದವು.

ಬಾಯಿ ತೆರೆಯುವ ಮೊದಲೇ ನಾತೂರರು ನನ್ನನ್ನು ಬದಿಗೆ ಕರೆದರು. "ಸರ್, ಬೇರೆ ಏನು ಬೇಕಾದ್ರೂ ಕೇಳಿ. ಗಾಳ ನೀರಿನಲ್ಲಿ ಇರುವಾಗ ಎಷ್ಟು ಸಿಕ್ಕಿತು ಅಂತ ಮಾತ್ರ ಕೇಳ್ಬೇಡಿ. ನಮ್ಮಲ್ಲಿ ಅದು ಆಗುವುದಿಲ್ಲ. ಬಕೆಟಿಗೆ ಇಣುಕುವುದೂ ಇಲ್ಲ."

"ಕೇಳಿದರೆ ಏನಾಗುತ್ತದೆ?"

"ಮತ್ತೆ ಸಿಕ್ಕುವುದಿಲ್ಲ," ಎಂದರು, ಮಳೆ ಬಂದರೆ ನೆನೆಯುತ್ತದೆ ಎನ್ನುವಷ್ಟು ಸಹಜವಾಗಿ.

ಏಳಕ್ಕೆ ಸ್ಪರ್ಧೆ ಶುರುವಾದ ಮೇಲೆ ಬಾವುಟದ ಹತ್ತಿರ ನಿಂತು ನಾನು ನೋಡಿದ್ದು ಗಾಳಕ್ಕಿಂತ ಹೆಚ್ಚಾಗಿ ನಾತೂರರನ್ನೇ. ಉಳಿದ ತಂಡಗಳವರು ದೊಡ್ಡ ಹಮ್ಮೂರ್ ಮೀನಿನ ಆಸೆಗೆ ಆಳದ ಕಡೆ ಬೀಸಿ ಬೀಸಿ ಎಸೆಯುತ್ತಿದ್ದರು. ಇವರು ಪ್ಯಾಂಟು ಮಡಚಿ ಮೊಣಕಾಲಿನವರೆಗೆ ನೀರಿಗಿಳಿದು, ಕೂದಲಿನಂಥ ದಾರಕ್ಕೆ ಸಿಗಡಿಯ ಚೂರು ಕಟ್ಟಿ, ಮರಳಿನ ಪಕ್ಕದಲ್ಲೇ ಬಿಡುತ್ತಿದ್ದರು. ಅವರಿಗೆ ಬೇಕಾದದ್ದು ಕಾಣೆ ಮೀನು. ಚಿಕ್ಕದು, ಆದರೆ ಬಂದರೆ ಸಾಲಾಗಿ ಬರುತ್ತದೆ. ನೀರು ಎತ್ತ ಹರಿಯುತ್ತದೋ ಅತ್ತ ಎರಡು ಹೆಜ್ಜೆ, ನಿಂತು ಕಿವಿಗೊಟ್ಟಂತೆ ತಲೆ ವಾಲಿಸುವುದು, ಮಣಿಕಟ್ಟನ್ನು ಸ್ವಲ್ಪವೇ ಎತ್ತುವುದು. ಬೆಳ್ಳಗೆ ಏನೋ ಮಿನುಗಿ ಬಕೆಟಿಗೆ ಹೋಗುತ್ತಿತ್ತು. ಲಾಬಿಯಲ್ಲಿ ಸದಾ ಅವಸರದಲ್ಲಿರುವ ಮನುಷ್ಯ ಇವರೇನಾ ಎಂದು ನನಗೆ ಸೋಜಿಗವಾಯಿತು. ಮೀನು ಕಚ್ಚಿದ್ದು ಬೆರಳಿಗೆ ತಿಳಿಯುತ್ತದೋ ಕಣ್ಣಿಗೋ? ಎಣಿಸುತ್ತಾರೋ ಇಲ್ಲವೋ?

ನನ್ನ ಬಕೆಟು ಖಾಲಿಯೇ ಇತ್ತು. ಗಂಟೆ ಒಂಬತ್ತಾಯಿತು, ಹತ್ತಾಯಿತು. ಸಾಹೇಬರು ಕೊಟ್ಟ ಗಾಳಕ್ಕೆ ಸಿಗಡಿ ಸಿಕ್ಕಿಸಿ ಎಸೆಯುವುದು, ಬರಿಯ ಕೊಕ್ಕೆಯನ್ನು ಎಳೆದುಕೊಳ್ಳುವುದು, ಇಷ್ಟೇ. ನಾತೂರರ ಹೆಂಡತಿ ನಮ್ಮಿಬ್ಬರ ನಡುವೆ ಕೊಡೆ ಬಿಡಿಸಿಕೊಂಡು ಕೂತಿದ್ದರು. ಫ್ಲಾಸ್ಕಿನಿಂದ ಚಹಾ ತಂದುಕೊಟ್ಟಾಗ ನನ್ನ ಬಕೆಟಿನ ಹತ್ತಿರ ಬಂದು ಬೇಕೆಂದೇ ಮುಖ ಆಚೆ ತಿರುಗಿಸಿದರು. ನನಗೆ ಆ ಕ್ರಮದ ಮೇಲೆ ವಿಪರೀತ ಗೌರವ ಹುಟ್ಟಿತು. ಕೇಳಬಾರದೆಂದರೆ ಹೇಳಲೂಬಾರದು ಎಂದು ನಾನೇ ತೀರ್ಮಾನಿಸಿಕೊಂಡೆ. ಹೊಸದಾಗಿ ಮಡಿ ಉಟ್ಟವನಿಗೆ ಎಲ್ಲವೂ ಮೈಲಿಗೆ.

ಹನ್ನೊಂದಕ್ಕೆ ನಾತೂರರು ನನ್ನತ್ತ ನೋಡಿ ಕೈ ಎತ್ತಿದರು. ಹೇಗಿದೆ ಎಂಬಂತೆ. ನಾನು ನಗುತ್ತ ಹೆಬ್ಬೆರಳು ತೋರಿಸಿದೆ. ಇನ್ನೂ ಎರಡು ಗಂಟೆ ಇತ್ತು, ಒಂದಾದರೂ ಸಿಗದೆ ಹೋಗುತ್ತದೆಯೇ ಎಂದುಕೊಂಡೆ. ಒಂದು ಗಂಟೆಗೆ ಸೀಟಿ ಊದಿದರು.

ತೂಕದ ಮೇಜಿನ ಮುಂದೆ ನಾತೂರರ ಬಕೆಟನ್ನು ಬೋಗುಣಿಗೆ ಸುರಿದಾಗ ಸುತ್ತ ನಿಂತವರು ಹತ್ತಿರ ಸರಿದರು. ಬೋಗುಣಿಯ ತುಂಬ ಕಾಣೆ. ಇಡೀ ದಂಡೆಯಲ್ಲಿ ಅಷ್ಟು ತೂಕ ಯಾರಿಗೂ ಬಂದಿರಲಿಲ್ಲ. ಸಾಹೇಬರದು ಮೂರು ಮೀನು. ನಾತೂರರ ಹೆಂಡತಿ ಗುಂಪಿನ ಅಂಚಿನಿಂದ ಒಂದು ಹೆಜ್ಜೆ ಮುಂದೆ ಬಂದರು. ಆಮೇಲೆ ಮೇಜಿನವನು ನನ್ನ ಬಕೆಟನ್ನು ಬಗ್ಗಿಸಿ ನೋಡಿ, ಹಾಳೆಯಲ್ಲಿ ನಮ್ಮ ತಂಡದ ಸಾಲಿಗೆ ಗೆರೆ ಎಳೆದ.

"ಒಂದೂ ಇಲ್ವಾ?" ಎಂದರು ಸಾಹೇಬರು. "ಅಲ್ಲ, ಹೇಳ್ಬಾರ್ದಾ ಭಾಯಿ?"

"ಕೇಳಬಾರದು ಅಂದಿದ್ದರಲ್ಲ..."

ನಾತೂರರು ನನ್ನ ಗಾಳವನ್ನು ಎತ್ತಿ ಕೊಕ್ಕೆಯನ್ನು ಬೆರಳಿನಿಂದ ಅಳೆದರು. "ಇದು ಹಮ್ಮೂರಿನ ಕೊಕ್ಕೆ ಸರ್. ಕಾಣೆಯ ಬಾಯಿಗೆ ಹೋಗುವುದಿಲ್ಲ. ಕೇಳ್ಬಾರ್ದು ಅಂದೆ, ಸಿಕ್ಕದಿದ್ರೆ ಹೇಳ್ಬಾರ್ದು ಅಂತ ಅಲ್ಲ. ಕೊಕ್ಕೆ ಬದಲಿಸುವುದು ಐದು ನಿಮಿಷದ ಕೆಲಸ ಇತ್ತು." ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಇಡೀ ಜನ್ಮದಲ್ಲಿ ಒಂದೇ ಒಂದು ದಿನ ಬಾಯಿ ಮುಚ್ಚಿಕೊಂಡಿದ್ದೆ, ಅದೂ ತಪ್ಪಾದ ದಿನ.

ನಾತೂರರೂ ಸಾಹೇಬರೂ ಸಾಮಾನು ಕಟ್ಟುತ್ತಿದ್ದಾಗ ನಾನು ನಾತೂರರ ಹೆಂಡತಿಯ ಹತ್ತಿರ ಹೋದೆ. "ತಪ್ಪು ನನ್ನದು. ನೀವು ಅವರು ಗೆದ್ದದ್ದನ್ನು ನೋಡಬೇಕಿತ್ತು," ಎಂದೆ.

ಅವರು ಕೊಡೆ ಮಡಚಿದರು. "ಗೆಲ್ಲುವುದು ಇರ್ಲಿ ಸರ್. ಬಂದ ಮೇಲೆ ಇವರು ಒಂದು ಊಟ ಪೂರ್ತಿ ಮಾಡಿದ್ದು ನಾನು ಕಾಣ್ಲಿಲ್ಲ. ತುತ್ತು ಎತ್ತುವಾಗ ಫೋನ್ ಬರ್ತದೆ, ಓಡ್ತಾರೆ. ರಜೆಯಲ್ಲಿ ಊರಿಗೆ ಬಂದ್ರೂ ಹಾಗೇ, ನೆಂಟರ ಮನೆ, ಮನೆಯ ಮಾಡಿನ ರಿಪೇರಿ. ಇವತ್ತು ಫೋನ್ ಬಂದ್ ಮಾಡಿ ಆರು ಗಂಟೆ ಒಂದೇ ಕಡೆ ನಿಂತ್ರು. ಮದುವೆಯಾದ ಮೇಲೆ ಇವರನ್ನು ಇಷ್ಟು ಹೊತ್ತು ನೋಡ್ಲಿಕ್ಕೆ ಸಿಕ್ಕಿದ್ದು ಇವತ್ತೇ."

ಹಿಂದಿನ ಬುಧವಾರ ಮಧ್ಯಾಹ್ನ ಬಾಲ್ಕನಿಯ ಬಲ್ಬು ಬದಲಿಸಲು ಫೋನ್ ಮಾಡಿದವನು ನಾನೇ. ಆಗ ಅವರು ಊಟಕ್ಕೆ ಕೂತಿದ್ದರೋ ಏನೋ.

ಹಿಂದಿರುಗುವಾಗ ನಾತೂರರು ಮುಂದಿನ ಸೀಟಿನಲ್ಲಿ ಕೂತರು. ಹೆದ್ದಾರಿಗೆ ಬಂದ ಮೇಲೆ ಜೇಬಿನಿಂದ ಫೋನ್ ತೆಗೆದು ಗುಂಡಿ ಒತ್ತಿದರು. ಅದು ಬೆಳಗುವುದಕ್ಕೂ ರಿಂಗಾಗುವುದಕ್ಕೂ ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಹಾಂ ಮೇಡಮ್. ಎಸಿ ನೀರು ಬೀಳ್ತಾ ಇದೆಯಾ? ಅರ್ಧ ಗಂಟೆಯಲ್ಲಿ ಬರ್ತೇನೆ ಮೇಡಮ್."

ಹಿಂದಿನ ಸೀಟಿನಲ್ಲಿ ಅವರ ಹೆಂಡತಿ ಅಷ್ಟು ಹೊತ್ತೂ ಗಂಡನ ಕಡೆಗೇ ನೋಡುತ್ತಿದ್ದವರು, ಕಿಟಕಿಯ ಕಡೆ ತಿರುಗಿದರು.