ಒಗೆದ ಕೋಟು

ವಿದೇಶಿ ಪ್ರವಾಸಿ ಹಡಗೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ ನನ್ನ ತಮ್ಮ ನಡುಸಮುದ್ರದಲ್ಲಿ ಕಾಣೆಯಾದ. ತಾನಾಗಿಯೇ ಹಾರಿಕೊಂಡ ಎಂದು ಕಂಪನಿ ಬರೆಯಿತು. ದೇಹ ಸಿಗಲಿಲ್ಲ. ಬಿಟ್ಟಂಗಾಲದ ಹತ್ತಿರದ ದೇವಸ್ಥಾನದ ಪೂಜೆ ನೋಡಿಕೊಳ್ಳುವ ಅಪ್ಪ ದರ್ಭೆಯಲ್ಲಿ ಮಗನ ಆಕಾರ ಕಟ್ಟಿ ಸುಟ್ಟರು. ಬರುವ ರಜೆಗೆ ಬೈಕ್ ನೋಡಿಡು ಎಂದಿದ್ದವನು ಹಾರಿಕೊಂಡ ಎಂಬುದನ್ನು ನಾನು ಒಂದು ದಿನವೂ ನಂಬಲಿಲ್ಲ.

ಸೂತಕ ಕಳೆಯುವ ಮೊದಲೇ ಅವನ ಪೆಟ್ಟಿಗೆ ಬಂತು.

“ಒಳಗೆ ತರ್ಬೇಡ ಪುಟ್ಟಿ. ಸಾವಿನ ಬಟ್ಟೆ, ಮೊದ್ಲು ನೀರಿಗೆ ಹಾಕು,” ಎಂದರು ಅಪ್ಪ.

ನಮ್ಮಲ್ಲಿ ಸಾವಿನ ಮನೆಗೆ ಹೋಗಿಬಂದರೂ ಉಟ್ಟ ಬಟ್ಟೆ ಹೊರಗೇ ಒದ್ದೆಯಾಗಬೇಕು. ಒಂದೊಂದಾಗಿ ಕಲ್ಲಿನ ಮೇಲೆ ಒಗೆದೆ. ಅಡುಗೆಯವರ ಬಿಳಿ ಕೋಟಿನ ಎದೆಯ ಮೇಲೆ ಕಂದು ಕಲೆಯಿತ್ತು. ಸಾರು ಚೆಲ್ಲಿಕೊಂಡಿರಬೇಕು, ಕೊಳಕ ಎಲ್ಲಿ ಹೋದರೂ ಕೊಳಕನೇ ಎಂದು ಬೈಯುತ್ತಾ, ಅಳುತ್ತಾ, ಮೂರು ಸಲ ಸೋಪು ಹಾಕಿ ಉಜ್ಜಿದೆ. ಕಲೆ ಹೋಯಿತು.

ಕೆಲವು ತಿಂಗಳ ಮೇಲೆ ಗೋಣಿಕೊಪ್ಪಲಿನ ಠಾಣೆಗೆ ಕರೆದರು. ಹಡಗಿನ ಬಾವುಟ ಒಂದು ದೇಶದ್ದು, ಕಂಪನಿ ಇನ್ನೊಂದರದ್ದು. ತನಿಖೆ ಯಾರದೆಂದು ತೀರ್ಮಾನವಾಗಲು ಅಷ್ಟು ದಿನ ಬೇಕಾಯಿತಂತೆ. ಕಂಪ್ಯೂಟರಿನ ಪರದೆಯಲ್ಲಿ ಇಬ್ಬರು ವಿದೇಶಿ ಅಧಿಕಾರಿಗಳು ಕೂತಿದ್ದರು. ಕಾಣೆಯಾಗುವ ಹಿಂದಿನ ದಿನ ಅಡುಗೆಮನೆಯ ಮೇಲಧಿಕಾರಿಯೊಬ್ಬ ತಮ್ಮನಿಗೆ ಕೋಟಿನ ಮೇಲೆ ರಕ್ತ ಸುರಿಯುವಂತೆ ಹೊಡೆದು, ಸಮುದ್ರಕ್ಕೆ ಎಸೆಯುತ್ತೇನೆ ಎಂದು ಹೆದರಿಸಿದ್ದನಂತೆ. ಜೊತೆಗಾರನೊಬ್ಬ ಈಗ ಬಾಯಿಬಿಟ್ಟಿದ್ದ.

“ಮೇಡಂ, ಆ ಬಿಳಿ ಕೋಟು ಹಾಗೇ ಉಂಟಾ ಅಂತ ಕೇಳ್ತಿದ್ದಾರೆ,” ಎಂದರು ಎಸ್‌ಐ.

“ಒಗ್ದಿದ್ದೀನಿ ಸಾರ್. ಕಲೆ ಹೋಗೋವರೆಗೂ ಉಜ್ಜಿದ್ದೀನಿ.”

ಅವರು ಪರದೆಯತ್ತ ತಿರುಗಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದರು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಕೋಟನ್ನು ಒಯ್ದು ಪರೀಕ್ಷಿಸಿದರು, ಏನೂ ಸಿಗಲಿಲ್ಲ. ಒಬ್ಬನ ಮಾತು ಸಾಲದು ಎಂದು ತನಿಖೆ ಮುಚ್ಚಿದರು. ವರದಿಯಲ್ಲಿ ತಮ್ಮ ಹಾರಿಕೊಂಡವನಾಗಿಯೇ ಉಳಿದ. ಅಪ್ಪನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನನ್ನ ಕೈಗಳ ಮೇಲೆ ಅದಕ್ಕಿಂತ ಹೆಚ್ಚು. ಅವರೊಡನೆ ಮಾತು ಬಿಟ್ಟೆ.

ಹಡಗಿನಲ್ಲೇ ಉಳಿದುಹೋಗಿದ್ದ ತಮ್ಮನ ಬೂಟುಗಳು ಕಳೆದ ವರ್ಷ ಪಾರ್ಸೆಲ್ಲಿನಲ್ಲಿ ಬಂದವು. ಅಭ್ಯಾಸದಂತೆ ನಾನು ಬಕೆಟ್ಟಿಗೆ ನೀರು ತುಂಬಿದೆ. ಪೂಜೆಗೆ ಹೊರಟು ಮಡಿಯುಟ್ಟಿದ್ದ ಅಪ್ಪ ಓಡಿಬಂದು ಬೂಟುಗಳನ್ನು ಕಿತ್ತುಕೊಂಡರು.

“ನೀರು ಮುಟ್ಟಿಸ್ಬೇಡ ಪುಟ್ಟಿ. ಯಾರಾದ್ರೂ ಕೇಳಿದ್ರೆ?”

ಕೇಳುವವರು ಯಾರೂ ಉಳಿದಿರಲಿಲ್ಲ. ಚರ್ಮದ ಬೂಟುಗಳನ್ನು ಮಡಿಪಂಚೆಗೆ ಅವುಚಿಕೊಂಡು, ಅಪ್ಪ ದೇವರಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.